ಬುತ್ತಿ ಎಣಿಸಿದವರು

ಬಾಗಿಲನ್ನು ಯಾರೋ ಮೂರು ಸಲ ಬಡಿದರು.

ಸ್ಕಾರ್ವಿಕ್ ದ್ವೀಪದಲ್ಲಿ ಬಾಗಿಲು ಬಡಿಯುವ ರೂಢಿಯಿಲ್ಲ. ಬಂದವರು ಬೂಟಿನ ಹಿಮ ಕೊಡವಿ, ಒಳಗಿದ್ದವರ ಹೆಸರು ಕೂಗಿ, ತಾವಾಗಿಯೇ ಅಡುಗೆಮನೆಯವರೆಗೆ ನಡೆದು ಬರುತ್ತಾರೆ. ಇಂಗ್ವಿಲ್ಡ್ ತೊಳೆಯುತ್ತಿದ್ದ ಬ್ರೆಡ್ ಹಲಗೆಯನ್ನು ಹಾಗೆಯೇ ಹಿಡಿದು ನಿಂತಳು. ಯಾರೂ ಕೂಗಲಿಲ್ಲ. ಮತ್ತೆ ಮೂರು ಸಲ ಬಡಿತ. ಅಷ್ಟೇ ಅಂತರ, ಅಷ್ಟೇ ತೂಕ.

ಮೆಟ್ಟಿಲ ಮೇಲೆ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ನಿಂತಿದ್ದಳು. ಹೆಗಲಿಗೆ ಚರ್ಮದ ಚೀಲ, ಟೋಪಿಯ ಮೇಲೆ ಕರಗದ ಹಿಮ. ಸಂಜೆಯ ಫೆರಿಯಿಂದ ಇಳಿದು ನೇರವಾಗಿ ಬಂದವಳೆಂಬುದು ನೋಡಿದರೇ ತಿಳಿಯುತ್ತಿತ್ತು.

"ಇಂಗ್ವಿಲ್ಡ್ ಬ್ರಾತ್ಲಿ ಅಂದ್ರೆ ನೀವೇನಾ?"

"ಹೌದು."

"ಮಗು ಮಲಗಿದ್ಯಾ?"

"ಈಗ ತಾನೇ ಮಲಗಿದ್ಲು. ಯಾಕೆ?"

"ನಾಳೆಯ ಬುತ್ತಿ ಕಟ್ಟಾಯ್ತಾ? ಒಂದ್ಸಲ ನೋಡಬಹುದಾ?"

ಆ ಪ್ರಶ್ನೆ ಎಷ್ಟು ಅಸಂಬದ್ಧವಾಗಿತ್ತೆಂದರೆ ಇಂಗ್ವಿಲ್ಡ್ ಬೇಡ ಎನ್ನುವುದನ್ನೇ ಮರೆತಳು. ಫ್ರಿಜ್ಜಿನಿಂದ ಬೆಣ್ಣೆ ಕಾಗದದ ಪೊಟ್ಟಣವನ್ನು ತೆಗೆದು ಮೇಜಿನ ಮೇಲಿಟ್ಟಳು. ಬಂದವಳು ಕೈಗವಸು ಕಳಚಿ, ಮಡಿಕೆ ಮಡಿಕೆಯಾಗಿ ಬಿಚ್ಚಿದಳು. ಒಂದು ಬ್ರೆಡ್ ತುಂಡು, ಮೇಲೆ ಕಂದು ಚೀಸ್. ನಡುವೆ ತೆಳು ಹಾಳೆ. ಅದರ ಕೆಳಗೆ ಇನ್ನೊಂದು ತುಂಡು. ಅದರ ಕೆಳಗೆ ಬರಿಯ ಕಾಗದ.

"ಎರಡೇ," ಎಂದಳು ಆಕೆ, ತನಗೆ ತಾನೇ ಹೇಳಿಕೊಳ್ಳುವಂತೆ.

"ಇನ್ನೆರಡು ಬೆಳಗ್ಗೆ ಮಾಡ್ತೀನಿ."

"ಬೆಳಗ್ಗೆ ಯಾಕೆ?"

"ಡಬ್ಬಿ ಬಂಗುಡೆ, ಟೊಮೆಟೊ ರಸದ್ದು. ಅವಳಿಗೆ ದಿನಾ ಅದೇ ಬೇಕು. ರಾತ್ರಿನೇ ಹಚ್ಚಿಟ್ರೆ ಬ್ರೆಡ್ಡು ನೆನೆದು ಮುದ್ದೆ ಆಗುತ್ತೆ."

ಆಕೆ ಪುಟ್ಟ ಪುಸ್ತಕ ತೆಗೆದು ಏನನ್ನೋ ಬರೆದುಕೊಂಡಳು. ಇಂಗ್ವಿಲ್ಡ್ ಹೇಳಿದ್ದು ಮೂರು ಮಾತು. ಆಕೆ ಬರೆದದ್ದು ಒಂದೇ ಪದ. ಆಮೇಲಷ್ಟೇ ತನ್ನ ಪರಿಚಯ ಹೇಳಿದಳು. ಹೆಸರು ವಿಬೆಕೆ, ಮಕ್ಕಳ ರಕ್ಷಣಾ ಕಚೇರಿಯಿಂದ ಬಂದವಳು. ಎಂಟು ವರ್ಷದ ತಿರಿಲ್‌ಗೆ ಮನೆಯಲ್ಲಿ ಹೊಟ್ಟೆ ತುಂಬ ಊಟ ಸಿಗುತ್ತಿಲ್ಲವೆಂದು, ದಿನಕ್ಕೆ ಎರಡೇ ತುಂಡು ಬ್ರೆಡ್ ಕಟ್ಟಿ ಶಾಲೆಗೆ ಕಳಿಸಲಾಗುತ್ತಿದೆಯೆಂದು, ಕಚೇರಿಗೆ ಹೆಸರಿಲ್ಲದ ಪತ್ರವೊಂದು ಬಂದಿತ್ತು.

"ನವೆಂಬರಿನಲ್ಲಿ ಮಗು ಒಂದೂವರೆ ಕೆಜಿ ಇಳಿದಿದೆ. ಶಾಲೆಯ ನರ್ಸ್ ಹತ್ತಿರ ಲೆಕ್ಕ ಇದೆ."

"ಇಡೀ ಶಾಲೆಗೇ ವಾಂತಿ ಭೇದಿ ಆಗಿತ್ತು. ಹದಿನಾಲ್ಕು ಮಕ್ಕಳೂ ಇಳಿದಿದಾರೆ."

"ಇರಬಹುದು. ಹದಿನಾಲ್ಕು ಮಕ್ಕಳ ಬಗ್ಗೆ ಪತ್ರ ಬಂದಿಲ್ಲ." ವಿಬೆಕೆಯ ದನಿಯಲ್ಲಿ ಗಡಸಿರಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸಿತು. "ಶುಕ್ರವಾರದೊಳಗೆ ನಾನು ತೀರ್ಮಾನ ಬರೀಬೇಕು. ತನಿಖೆ ಅಂತಾದ್ರೆ, ಅದು ಮುಗಿಯೋವರೆಗೂ ತಿರಿಲ್ ಬೇರೆ ಕಡೆ ಇರಬೇಕಾಗಬಹುದು. ಮೊದಲೇ ಹೇಳಿಬಿಡೋದು ಒಳ್ಳೇದು ಅಂತ ಹೇಳಿದೆ."

ಪತ್ರದ ಪ್ರತಿಯೊಂದನ್ನು ಮೇಜಿನ ಮೇಲೆ ಬಿಟ್ಟು, ಪೊಟ್ಟಣವನ್ನು ಮೊದಲಿನಂತೆಯೇ ಅಂದವಾಗಿ ಮಡಿಸಿಟ್ಟು, ಆಕೆ ಹೊರಟುಹೋದಳು.

ಟೈಪ್ ಮಾಡಿದ ಒಂದು ಹಾಳೆ. ಒಂಬತ್ತು ಶಾಲಾ ದಿನಗಳು, ಒಂಬತ್ತು ಸಾಲುಗಳು. ಸೋಮವಾರ, ಎರಡು ತುಂಡು, ಕಂದು ಚೀಸ್. ಮಂಗಳವಾರ, ಎರಡು ತುಂಡು, ಲಿವರ್ ಪೇಸ್ಟ್, ಸೌತೆಕಾಯಿ ಇಲ್ಲ. ಬುಧವಾರ, ಎರಡು ತುಂಡು, ಕಂದು ಚೀಸ್, ಬೆಣ್ಣೆ ತೆಳ್ಳಗೆ. ಇಂಗ್ವಿಲ್ಡ್ ಬೆರಳಿಟ್ಟು ಓದುತ್ತ ಹೋದಳು. ಪ್ರತಿ ದಿನದ ಮೊದಲೆರಡು ತುಂಡು ಅಕ್ಷರಶಃ ಸರಿಯಾಗಿತ್ತು. ಉಳಿದೆರಡು ತುಂಡು ಎಲ್ಲಿಯೂ ಇರಲಿಲ್ಲ.

ಯಾರೋ ತನ್ನ ಮಗಳ ಡಬ್ಬಿಯಿಂದ ದಿನವೂ ಅರ್ಧ ಊಟ ಕದ್ದು, ಮಿಕ್ಕದ್ದನ್ನು ಎಣಿಸಿ ಬರೆಯುತ್ತಿದ್ದಾರೆ ಎಂದೇ ಅವಳು ತಿಳಿದಳು.

ಬೆಳಗಿನ ನಾಲ್ಕೂವರೆಗೆ ಪಕ್ಕದ ಮನೆಯ ಮಾಗ್ನಿ ಎಂದಿನಂತೆ ತನ್ನದೇ ಕೀಲಿಕೈಯಿಂದ ಬಾಗಿಲು ತೆಗೆದು ಬಂದಳು. ಎಪ್ಪತ್ತೊಂದು ವರ್ಷದ ಗಟ್ಟಿ ಜೀವ. ಇಂಗ್ವಿಲ್ಡ್ ಐದಕ್ಕೆ ಮೀನಿನ ಕಾರ್ಖಾನೆಯ ಪಾಳಿಗೆ ಹೋದ ಮೇಲೆ, ತಿರಿಲ್ ಎದ್ದು ಶಾಲೆಗೆ ಹೊರಡುವವರೆಗೆ ಹೆಣಿಗೆ ಹಿಡಿದು ಕೂರುವವಳು ಅವಳೇ. ಇಂಗ್ವಿಲ್ಡ್ ಬಂಗುಡೆಯ ಡಬ್ಬಿ ತೆರೆದು ಉಳಿದೆರಡು ತುಂಡಿಗೆ ಹಚ್ಚಿದಳು. ಪತ್ರದ ವಿಷಯ ಮಾಗ್ನಿಗೆ ಹೇಳಲಿಲ್ಲ. ಹೊರಗೆ ಕತ್ತಲು, ಧ್ರುವದ ಹತ್ತಿರದ ಈ ದ್ವೀಪದಲ್ಲಿ ಇನ್ನು ಜನವರಿಯವರೆಗೆ ಸೂರ್ಯ ಮೂಡುವುದಿಲ್ಲ.

ಪಾಳಿ ಮುಗಿದದ್ದೇ ಅವಳು ಮೀನಿನ ವಾಸನೆಯ ಜಾಕೆಟ್ಟಿನಲ್ಲೇ ಶಾಲೆಗೆ ನಡೆದಳು. ಅಲ್ಲಿ ಮಕ್ಕಳ ಜೊತೆ ಊಟದ ಮೇಜಿಗೆ ಕೂರುವ ಸಹಾಯಕಿ ಯೋರುನ್. ಇಂಗ್ವಿಲ್ಡ್‌ಳ ಮಾಜಿ ಗಂಡ ಎಸ್ಪೆನ್‌ನ ತಂಗಿ. ವಿಚ್ಛೇದನವಾದ ಎರಡು ವರ್ಷದಲ್ಲಿ ಇಬ್ಬರೂ ಆಡಿದ ಮಾತು ಬೆರಳಲ್ಲಿ ಎಣಿಸುವಷ್ಟು.

"ಓಹೋ, ದಾರಿ ತಪ್ಪಿ ಬಂದ್ಯಾ?" ಮೇಜು ಒರೆಸುತ್ತಿದ್ದ ಯೋರುನ್ ತಲೆ ಎತ್ತಲಿಲ್ಲ.

"ತಿರಿಲ್ ಬುತ್ತಿ ಎಣಿಸ್ತಿರೋದು ನೀನಾ?"

"ಏನಂದೆ?"

ಇಂಗ್ವಿಲ್ಡ್ ಹಾಳೆಯನ್ನು ಒದ್ದೆ ಮೇಜಿನ ಮೇಲೆಯೇ ಹಾಕಿದಳು. ಯೋರುನ್ ಓದಿದಳು, ಓದುತ್ತ ಓದುತ್ತ ಒರೆಸುವ ಬಟ್ಟೆ ಕೈಯಿಂದ ಜಾರಿತು.

"ಎರಡು ತುಂಡಾ? ಯಾವ ಕುರುಡರು ಬರೆದದ್ದು ಇದನ್ನ? ದಿನಾ ನಾಲ್ಕು ತರ್ತಾಳೆ, ನಾಲ್ಕೂ ತಿಂತಾಳೆ. ಹನ್ನೊಂದಕ್ಕೆ ಅವಳು ಡಬ್ಬಿ ತೆಗೆದ್ರೆ ಇಡೀ ಕ್ಲಾಸು ಮೀನಿನ ಬಂದರು. ಆ ಕಡೆಯವರು ಈ ಕಡೆಯವರು ಮೂಗು ಮುಚ್ಕೊಂಡೇ ಊಟ ಮಾಡೋದು."

"ನಾಲ್ಕೂ ಇರುತ್ತಾ? ಖಂಡಿತಾ?"

"ನಿನ್ನ ಮೇಲೆ ನನಗೆ ಸಿಟ್ಟಿದೆ, ಅದನ್ನ ಮುಚ್ಚಿಡಲ್ಲ. ಹಾಗಂತ ಮಗು ಅನ್ನಕ್ಕೆ ಕಲ್ಲು ಹಾಕೋಳಲ್ಲ ನಾನು. ಆ ಕಚೇರಿಯವಳು ಬೆಳಗ್ಗೆ ಬಂದಿದ್ಲು. ಅವಳಿಗೂ ಇದನ್ನೇ ಹೇಳ್ದೆ." ಯೋರುನ್ ಮತ್ತೆ ಹಾಳೆಯ ಮೇಲೆ ಬಗ್ಗಿದಳು. "ಇದೇನಿದು, ಬೆಣ್ಣೆ ತೆಳ್ಳಗೆ? ಮೇಲೆ ಚೀಸ್ ಕೂತಿರುವಾಗ ಕೆಳಗಿನ ಬೆಣ್ಣೆ ಯಾರಿಗೆ ಕಾಣುತ್ತೆ? ನೋಡು ಇಂಗ್ವಿಲ್ಡ್, ಇದನ್ನ ಬರೆದವರು ಶಾಲೇಲಿ ನೋಡಿಲ್ಲ. ನೀನು ಹಚ್ಚೋವಾಗ ನೋಡಿದಾರೆ."

ಹಿಂದಿರುಗುವ ದಾರಿಯಲ್ಲಿ ಇಂಗ್ವಿಲ್ಡ್ ಎರಡು ಸಲ ತಿರುಗಿ ನೋಡಿದಳು. ಎರಡು ಸಲವೂ ರಸ್ತೆ ಖಾಲಿಯಾಗಿತ್ತು. ಏನೂ ಕಳುವಾಗಿರಲಿಲ್ಲ. ಕಳ್ಳರಿದ್ದಿದ್ದರೇ ವಾಸಿಯಿತ್ತು, ಕಳ್ಳರನ್ನಾದರೂ ಹಿಡಿಯಬಹುದು. ಇದು, ತಾನು ಚಾಕು ಹಿಡಿದು ನಿಂತಾಗ ಪಕ್ಕದಲ್ಲೇ ಇದ್ದ ಒಂದು ಕಣ್ಣು.

ಆ ಸಂಜೆ ಏಳಕ್ಕೆ, ದಿನದಂತೆ, ಎಸ್ಪೆನ್‌ನ ವಿಡಿಯೊ ಕರೆ ಬಂತು. ಅವನು ತೈಲ ಕಂಪನಿಯ ಕೆಲಸಗಾರ. ಎರಡು ವಾರ ಸಮುದ್ರದ ನಡುವಿನ ತೈಲ ವೇದಿಕೆಯಲ್ಲಿ, ನಾಲ್ಕು ವಾರ ನೆಲದ ಮೇಲೆ. ಜಗಳವಿಲ್ಲದೆ ಬೇರೆಯಾದ ದಂಪತಿ ಎಂದು ಊರೇ ಹೊಗಳುತ್ತಿತ್ತು. ತಿರಿಲ್ ತಂದೆಗೆ ಅಲುಗಾಡುವ ಹಲ್ಲು ತೋರಿಸಿದಳು, ಶಾಲೆಯ ಕಥೆ ಹೇಳಿದಳು, ನಗಿಸಿದಳು. ಅವಳು ಹಲ್ಲುಜ್ಜಲು ಹೋದ ಮೇಲೆ, ನಾಳೆಯ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಇಂಗ್ವಿಲ್ಡ್ ಎಲ್ಲವನ್ನೂ ಹೇಳಿದಳು. ಹೇಳಿಕೊಳ್ಳಲು ಅವಳಿಗೆ ಬೇರೆ ಯಾರಿದ್ದರು?

ಪರದೆಯ ಮೇಲೆ ಎಸ್ಪೆನ್ ಹಣೆ ಉಜ್ಜಿಕೊಂಡ.

"ಯಾರಿಗೆ ಬಂತಪ್ಪಾ ಇಂಥ ಬುದ್ಧಿ," ಎಂದ. "ನೀನು ಗಾಬರಿ ಬೀಳಬೇಡ. ಶುಕ್ರವಾರ ನಾನು ಇಳಿತೀನಲ್ಲ, ನೇರ ಅಲ್ಲಿಗೇ ಬರ್ತೀನಿ. ಕಚೇರಿಗೆ ಇಬ್ಬರೂ ಹೋಗೋಣ."

"ಯೋರುನ್ ಅಲ್ಲ. ಅವಳು ಸುಳ್ಳು ಹೇಳ್ತಿಲ್ಲ."

"ಛೇ, ಅವಳಲ್ಲ. ನಿನ್ನ ಮನೆ ಕೀ ಯಾರ್ಯಾರ ಹತ್ರ ಇದೆ?"

"ಮಾಗ್ನಿ ಹತ್ರ ಒಂದೇ."

"ನಾನೇನೂ ಹೇಳಲ್ಲಪ್ಪಾ. ಒಂಟಿ ಮುದುಕಿ. ನಮ್ಮ ಹುಡುಗೀನ ತನ್ನ ಮೊಮ್ಮಗಳು ಅಂತಲೇ ತಿಳ್ಕೊಂಡಿದಾಳೆ. ಮನುಷ್ಯರ ಮನಸ್ಸು ಹೇಗೆ ಅಂತ ಯಾರಿಗೆ ಗೊತ್ತು?" ಅವನೇ ಮುಂದುವರಿಸಿದ. "ಬೇಕಿದ್ರೆ ಈ ಗಲಾಟೆ ತಣ್ಣಗಾಗೋವರೆಗೂ ತಿರಿಲ್ ನನ್ನ ಜೊತೆ ಹೌಗೆಸುಂದ್‌ನಲ್ಲಿ ಇರ್ಲಿ. ಅಪರಿಚಿತರ ಮನೆಗೆ ಹಾಕೋದಕ್ಕಿಂತ ಅದು ಮೇಲಲ್ವಾ? ಯೋಚನೆ ಮಾಡು, ಅಷ್ಟೇ."

ಅದು ಮೇಲೇ ಎಂದು ಅವಳಿಗೂ ಅನ್ನಿಸಿತು. ಸೆಪ್ಟೆಂಬರಿನಲ್ಲಿ ಅವನು ಇದನ್ನೇ ಕೇಳಿದ್ದ. ಪಟ್ಟಣದಲ್ಲಿ ಹೊಸ ಮನೆ ಕೊಂಡಿದ್ದೇನೆ, ಅಲ್ಲಿನ ಶಾಲೆ ದೊಡ್ಡದು, ಮಗಳನ್ನು ಕಳಿಸು ಎಂದಿದ್ದ. ಆಗ ಅವಳು ಒಲ್ಲೆ ಎಂದಿದ್ದಳು. ಅವನು ಸರಿ ಬಿಡು ಎಂದು ಸುಮ್ಮನಾಗಿದ್ದ. ಈಗ ಒಲ್ಲೆ ಎನ್ನಲು ಅವಳ ನಾಲಗೆ ಅಷ್ಟು ಸುಲಭವಾಗಿ ಏಳಲಿಲ್ಲ.

ಅನುಮಾನ ಒಮ್ಮೆ ಮನೆ ಹೊಕ್ಕರೆ ಎಲ್ಲ ಕುರ್ಚಿಗಳಲ್ಲೂ ಕೂತು ನೋಡುತ್ತದೆ. ಬುಧವಾರ ಬೆಳಗಿನ ನಾಲ್ಕೂವರೆಗೆ ಮಾಗ್ನಿ ಒಳಗೆ ಬಂದು ಹೆಣಿಗೆ ತೆಗೆದಾಗ, ಇಂಗ್ವಿಲ್ಡ್ ಬಂಗುಡೆ ಹಚ್ಚುವುದನ್ನು ನಿಲ್ಲಿಸಿ ಅವಳ ಕೈಗಳನ್ನೇ ದಿಟ್ಟಿಸಿದಳು.

"ನಾಳೆಯಿಂದ ನೀವು ಬರೋದು ಬೇಡ ಮಾಗ್ನಿ. ಕೀ ಇಲ್ಲೇ ಇಟ್ಟು ಹೋಗಿ."

ಸೂಜಿಗಳು ನಿಂತವು. "ಏನಾಯ್ತು ಹುಡುಗಿ?"

ಇಂಗ್ವಿಲ್ಡ್ ಹಾಳೆ ಚಾಚಿದಳು. ಮಾಗ್ನಿ ಕನ್ನಡಕ ಹಾಕಿ ಓದಿದಳು, ತೆಗೆದಳು, ಮತ್ತೆ ಹಾಕಿ ಓದಿದಳು.

"ಇದನ್ನ ನಾನು ಬರೆದೆ ಅಂತ ತಿಳ್ಕೊಂಡ್ಯಾ?"

"ನಿಮ್ಮ ಹತ್ರ ಕೀ ಇದೆ."

"ಕಣ್ಣೂ ಇದೆ. ಮೂಗೂ ಇದೆ. ಈ ಬಂಗುಡೆ ಡಬ್ಬಿ ದಿನಾ ತೊಳೆದು ಬಿಸಾಡೋದು ನಿಮ್ಮಪ್ಪನಾ? ನಾನು ಬರೆಯೋದಾಗಿದ್ರೆ ನಾಲ್ಕು ತುಂಡು ಅಂತ ಬರೀತಿದ್ದೆ, ಮೀನು ಜಾಸ್ತಿ ಆಯ್ತು ಅಂತ ಒಂದು ಸಾಲು ಸೇರಿಸ್ತಿದ್ದೆ." ಮಾಗ್ನಿ ಹಾಳೆಯನ್ನು ಮೇಜಿನ ಮೇಲೆ ತಟ್ಟಿದಳು. "ಇವರಿಗೆ ನಿನ್ನ ಬೆಳಗಿನ ವಿಷಯವೇ ಗೊತ್ತಿಲ್ಲ. ಸಂಜೆಯದು ಮಾತ್ರ ಗೊತ್ತು. ನಾನು ಸಂಜೆ ನಿನ್ನ ಮನೆಗೆ ಬಂದದ್ದು ಯಾವಾಗ, ಹೇಳು ನೋಡೋಣ."

ಇಂಗ್ವಿಲ್ಡ್ ಹಾಳೆಯನ್ನು ಮಡಿಸಿಟ್ಟಳು. ಮಾಗ್ನಿ ಸಂಜೆ ಆರಕ್ಕೇ ಬಾಗಿಲು ಹಾಕಿಕೊಂಡು ರೇಡಿಯೊ ಹಚ್ಚುವವಳು.

"ತಪ್ಪಾಯ್ತು."

"ತಪ್ಪು ಆಮೇಲೆ ನೋಡ್ಕೊಳ್ಳೋಣ. ಪಾಳಿಗೆ ಹೊತ್ತಾಯ್ತು, ಹೋಗು."

ಮಧ್ಯಾಹ್ನ ಮೂರಕ್ಕೆ ವಿಬೆಕೆ ಮತ್ತೆ ಬಂದಳು. ಈ ಸಲವೂ ಮೂರು ಬಡಿತ. ಕುರ್ಚಿಯ ಅಂಚಿನಲ್ಲಿ ಕೂತು, ಕೊಟ್ಟ ಕಾಫಿಯನ್ನು ಮುಟ್ಟದೆ, ಚೀಲದಿಂದ ಲಕೋಟೆಯೊಂದನ್ನು ತೆಗೆದಳು.

"ಶಾಲೆಯವರು ನಾಲ್ಕು ತುಂಡು ಅಂದ್ರು. ಅದನ್ನ ಬರ್ಕೊಂಡಿದೀನಿ. ಊಟದ ವಿಷಯದಲ್ಲಿ ನಿಮ್ಮ ಮಾತು ನಿಜ ಇರಬಹುದು ಅಂತ ನಿನ್ನೆಯೇ ಅನ್ನಿಸಿತ್ತು. ಆದ್ರೆ ಇವತ್ತು ಬೆಳಗ್ಗೆ ಕಚೇರಿಗೆ ಇಮೇಲ್‌ನಲ್ಲಿ ಇವು ಬಂದ್ವು, ಮುದ್ರಿಸಿ ತಂದೆ. ಮತ್ತೆ ಹೆಸರಿಲ್ಲ."

ಮೂರು ಫೋಟೋಗಳು, ಕಾಗದದ ಮೇಲೆ ಮುದ್ರಿಸಿದವು, ಅಂಚುಗಳನ್ನು ಕತ್ತರಿಸಿದವು. ಮೂರರಲ್ಲಿಯೂ ಒಂದೇ ದೃಶ್ಯ: ಬ್ರೆಡ್ ಹಲಗೆ, ಎರಡು ತುಂಡು, ಬೆಣ್ಣೆಯ ಚಾಕು, ಎರಡು ಕೈಗಳು. ಹಿಂದೆ ಫ್ರಿಜ್ಜಿನ ಬಾಗಿಲು. ಒಂದರಲ್ಲಿ ಎಡಗೈ ಹೆಬ್ಬೆರಳಿಗೆ ನೀಲಿ ಪಟ್ಟಿ. ಕಾರ್ಖಾನೆಯಲ್ಲಿ ಬೆರಳು ಕೊಯ್ದುಕೊಂಡದ್ದು ಕಳೆದ ಗುರುವಾರ. ಆ ಪಟ್ಟಿ ಈಗಲೂ ಅವಳ ಹೆಬ್ಬೆರಳಿನಲ್ಲೇ ಇತ್ತು.

ಇಂಗ್ವಿಲ್ಡ್ ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡಳು; ಬಚ್ಚಿಡಲು ಇನ್ನೇನೂ ಉಳಿದಿರಲಿಲ್ಲವೆಂದು ಗೊತ್ತಿದ್ದರೂ.

"ಇದನ್ನ ಯಾರು ತೆಗೆದದ್ದು?" ವಿಬೆಕೆ ಕೇಳಿದಳು.

"ಗೊತ್ತಿಲ್ಲ."

"ಯಾವಾಗ?"

"ಗೊತ್ತಿಲ್ಲ. ಸಂಜೆ ಹೊತ್ತು ಇಲ್ಲಿ ನಾನು, ತಿರಿಲ್. ಇನ್ನು ಯಾರೂ ಇರಲ್ಲ."

"ಅದೇ ನನ್ನ ಕಷ್ಟ." ವಿಬೆಕೆ ಮೊದಲ ಬಾರಿಗೆ ಕಾಫಿ ಲೋಟವನ್ನು ಮುಟ್ಟಿದಳು, ಕುಡಿಯಲಿಲ್ಲ. "ನಿಮ್ಮ ಅಡುಗೆಮನೇಲಿ ನಿಂತು ಒಬ್ಬರು ನಿಮ್ಮ ಫೋಟೋ ತೆಗೀತಾರೆ, ಅದು ನಿಮಗೇ ಗೊತ್ತಾಗಲ್ಲ. ಅಂಥ ಮನೇಲಿ ಮಗು ಸುರಕ್ಷಿತವಾಗಿದೆ ಅಂತ ನಾನು ಹೇಗೆ ಬರೀಲಿ? ಎರಡು ತುಂಡೋ ನಾಲ್ಕು ತುಂಡೋ ಅನ್ನೋದು ಈಗ ಮುಖ್ಯ ಅಲ್ಲ. ಶುಕ್ರವಾರ ಬೆಳಗ್ಗೆ ಹತ್ತಕ್ಕೆ ನನಗೊಂದು ಹೆಸರು ಬೇಕು. ಹೆಸರು ಸಿಗದಿದ್ರೆ ತಿರಿಲ್ ಬಟ್ಟೆಬರೆ ಒಂದು ಚೀಲಕ್ಕೆ ಹಾಕಿಡಿ."

ಆಕೆ ಫೋಟೋಗಳನ್ನು ಅಲ್ಲೇ ಬಿಟ್ಟು ಹೋದ ಮೇಲೆ, ಸಂಜೆ ಆರೂವರೆಗೆ, ಇಂಗ್ವಿಲ್ಡ್ ಆಗಲೇ ಬಾಗಿಲು ಹಾಕಿಕೊಂಡಿದ್ದ ಮಾಗ್ನಿಯನ್ನು ಕರೆದು ತಂದಳು. ತಿರಿಲ್ ನಡುಮನೆಯ ನೆಲದ ಮೇಲೆ ಬಣ್ಣದ ಪೆನ್ಸಿಲ್ ಹರವಿಕೊಂಡು ಹಿಮಸಾರಂಗದ ಚಿತ್ರ ಬರೆಯುತ್ತಿದ್ದಳು. ಅವಳಿಗೆ ಕೇಳಿಸದಂತೆ ಇಬ್ಬರೂ ಪಿಸುದನಿಯಲ್ಲಿ ಮಾತಾಡಿಕೊಂಡರು.

"ಕಿಟಕಿ," ಎಂದಳು ಮಾಗ್ನಿ. "ನಮ್ಮ ಊರಲ್ಲಿ ಯಾರು ಪರದೆ ಎಳೀತಾರೆ? ಹೊರಗೆ ನಿಂತು ತೆಗೆದಿರಬೇಕು. ನೀನು ಹಲಗೆ ಹತ್ರ ನಿಲ್ಲು, ನಾನು ಹೋಗಿ ನೋಡ್ತೀನಿ."

ಮುದುಕಿ ಮೊಣಕಾಲುದ್ದ ಹಿಮದಲ್ಲಿ ಮನೆಯನ್ನು ಬಳಸಿ ಹೋಗಿ ಕಿಟಕಿಯಾಚೆ ನಿಂತಳು. ಗಾಜಿನ ಮೇಲೆ ಅವಳ ಉಸಿರು ಮಂಜಾಗಿ ಹರಡಿತು. ಬಗ್ಗಿದಳು, ತುದಿಗಾಲಲ್ಲಿ ನಿಂತಳು, ಎಡಕ್ಕೆ ಸರಿದಳು, ಬಲಕ್ಕೆ ಸರಿದಳು. ಕೊನೆಗೆ ನಡುಗುತ್ತ ಒಳಗೆ ಬಂದಳು.

"ಆಗಲ್ಲ. ಅಡ್ಡಕ್ಕೆ ನಿನ್ನ ಕ್ರಿಸ್‌ಮಸ್ ದೀಪದ ಸಾಲು. ನಿನ್ನ ಮೂಗು ಕಾಣುತ್ತೆ, ಕೆಂಪಗಾಗಿದೆ. ಕೈ ಕಾಣಲ್ಲ, ಬ್ರೆಡ್ಡು ಮೊದಲೇ ಕಾಣಲ್ಲ."

"ಹಾಗಾದ್ರೆ ಒಳಗಿಂದಲೇ."

"ಒಳಗಿಂದಲೇ."

ಇಬ್ಬರೂ ಒಂದು ಕ್ಷಣ ಅಡುಗೆಮನೆಯ ನಾಲ್ಕು ಮೂಲೆಗಳನ್ನೂ ನೋಡಿದರು, ಅಲ್ಲಿ ಮೂರನೆಯವರೊಬ್ಬರು ಉಸಿರು ಹಿಡಿದು ಕೂತಿರುವರೋ ಎಂಬಂತೆ. ಇಂಗ್ವಿಲ್ಡ್ ಹಲಗೆ, ಚಾಕು, ಎರಡು ತುಂಡು ಬ್ರೆಡ್ಡನ್ನು ಸಂಜೆ ಇಡುವ ಜಾಗದಲ್ಲಿಯೇ ಇಟ್ಟು, ತನ್ನ ಜಾಗದಲ್ಲಿ ಮಾಗ್ನಿಯನ್ನು ನಿಲ್ಲಿಸಿದಳು. ಕೈಯಲ್ಲಿ ಫೋಟೋ ಹಿಡಿದು ಮೊದಲು ಬಾಗಿಲಿನಿಂದ ನೋಡಿದಳು; ಮಾಗ್ನಿಯ ಬೆನ್ನಷ್ಟೇ ಕಂಡಿತು. ಮೇಜಿನಿಂದ ನೋಡಿದಳು, ಫ್ರಿಜ್ಜು ತಪ್ಪು ಬದಿಗೆ ಬಂತು. ಸ್ಟೂಲು ಹಾಕಿ ಕಪಾಟಿನ ಮೇಲಿನಿಂದ ನೋಡಿದಳು. ಎಲ್ಲವೂ ತೀರ ಕೆಳಗಾಯಿತು.

"ಇನ್ನೂ ತಗ್ಗಿನಿಂದ," ಎಂದಳು ಮಾಗ್ನಿ, ಫೋಟೋದತ್ತ ಕಣ್ಣು ಕಿರಿದು ಮಾಡಿ. "ಬೆಣ್ಣೆಯ ದಪ್ಪ ಕೂಡ ಕಾಣ್ತಿದೆ ನೋಡು. ಹಲಗೆಗೆ ಮುಖ ಕೊಟ್ಟು, ಎದುರಿಗೇ."

ಹಲಗೆಗೆ ಎದುರಾಗಿ, ಕಿಟಕಿಯ ಕೆಳಗೆ ಬ್ರೆಡ್ಡಿನ ತಗಡಿನ ಡಬ್ಬವಿತ್ತು. ಇಂಗ್ವಿಲ್ಡ್ ಬಗ್ಗಿ, ಕಟ್ಟೆಯ ಮೇಲೆ ಕೆನ್ನೆಯಿಟ್ಟು, ತಲೆಯನ್ನು ಆ ಡಬ್ಬಕ್ಕೆ ಆನಿಸಿದಳು. ಲೋಹ ತಣ್ಣಗಿತ್ತು. ಕಣ್ಣೆದುರು ಹಲಗೆ, ಅದರ ಮೇಲೆ ಎರಡು ತುಂಡು, ಚಾಕು, ಮಾಗ್ನಿಯ ಸುಕ್ಕುಗಟ್ಟಿದ ಎರಡು ಕೈ, ಹಿಂದೆ ಫ್ರಿಜ್ಜಿನ ಬಾಗಿಲು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಇಲ್ಲಿಂದ," ಎಂದಳು.

"ಅಲ್ಲಿ ಮನುಷ್ಯರು ಹಿಡಿಯಲ್ಲ ಹುಡುಗಿ. ಬೆಕ್ಕು ಕೂರಬಹುದು, ಬೆಕ್ಕಿಗೆ ಬರೆಯೋಕೆ ಬರಲ್ಲ." ಮಾಗ್ನಿ ನಗಲಿಲ್ಲ. "ಆ ಡಬ್ಬಕ್ಕೆ ಒರಗಿಸಿ ಸಂಜೆ ಹೊತ್ತು ಏನಿಡ್ತೀಯ ನೀನು?"

ಇಂಗ್ವಿಲ್ಡ್ ತಲೆ ಎತ್ತದೆಯೇ ಮೇಲೆ ನೋಡಿದಳು. ಗೋಡೆಯ ಗಡಿಯಾರದಲ್ಲಿ ಏಳು ಗಂಟೆ. ನಡುಮನೆಯಲ್ಲಿ ಫೋನು ಮೊಳಗಿತು. ಪೆನ್ಸಿಲ್ಲುಗಳು ನೆಲದ ಮೇಲೆ ಉರುಳಿದ ಸದ್ದು, ಆಮೇಲೆ ಕಾಲುಚೀಲದ ಪುಟ್ಟ ಪಾದಗಳ ಓಟ. ತಿರಿಲ್ ಅಡುಗೆಮನೆಗೆ ನುಗ್ಗಿ ಬಂದು, ಅಮ್ಮ ಏಕೆ ಕಟ್ಟೆಯ ಮೇಲೆ ತಲೆಯಿಟ್ಟಿದ್ದಾಳೆಂದು ಕೇಳುವಷ್ಟೂ ನಿಲ್ಲದೆ, ಮೊಳಗುತ್ತಿದ್ದ ಫೋನನ್ನು ದಿನವೂ ನಿಲ್ಲಿಸುವ ಹಾಗೆಯೇ ತಗಡಿನ ಡಬ್ಬಕ್ಕೆ ಒರಗಿಸಿ, ಹಲಗೆಗೆ ಮುಖ ಮಾಡಿ ನಿಲ್ಲಿಸಿದಳು.

"ಅಮ್ಮಾ, ಸರಿ ಸ್ವಲ್ಪ. ನಾಳೆ ಬುತ್ತಿಗೆ ಏನು ಅಂತ ನಾನೇ ತೋರಿಸ್ಬೇಕಂತೆ."

ಬೆಳಗಿದ ಪರದೆಯ ಮೇಲೆ ಒಂದೇ ಒಂದು ಹೆಸರಿತ್ತು: ಎಸ್ಪೆನ್.